ಶುಭ ಸುದ್ದಿಗೆ ಸಸಿ ಹಂಚುವುದು: ಫಂಕ್ಷನ್ ದಿನದಿಂದ ಹಿಂದಕ್ಕೆ ಎಣಿಸಿ

ಮನೆಯಲ್ಲಿ ಒಳ್ಳೆ ಸುದ್ದಿ ಇದ್ದರೆ ಸ್ವೀಟ್ ಬಾಕ್ಸ್ ಕೊಡುತ್ತೇವೆ, ತಾಂಬೂಲದ ಕವರ್‌ನಲ್ಲಿ ತೆಂಗಿನಕಾಯಿ ಹಾಕುತ್ತೇವೆ. ಗಿಡದ ಹುಚ್ಚು ಇರುವವರಿಗೆ ಅಷ್ಟಕ್ಕೆ ಸಮಾಧಾನ ಆಗುವುದಿಲ್ಲ. ಕೋಲಾರದಲ್ಲಿ ತಾರಸಿ, ಹಿತ್ತಲು ಅಂತ ಏನಾದರೂ ಬೆಳೆಯುವ ನಮ್ಮಂಥ ನಾಲ್ಕು ಜನ ಸೇರಿದರೆ ಮಗಳ ಸೀಮಂತದ ಮಾತಿನ ನಡುವೆಯೇ ‘ನಿಮ್ಮ ಬದನೆ ಬೀಜ ಮೊಳೆಯಿತಾ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಾಗಿದ್ದ ಮೇಲೆ ತಾಂಬೂಲದ ಜೊತೆ ಒಂದು ಸಸಿ ಕೊಡಬಹುದಲ್ವಾ? ಕೊಡಬಹುದು. ಬೆಳೆಸುವುದೇನೂ ಕಷ್ಟ ಅಲ್ಲ, ಲೆಕ್ಕ ಹಾಕುವುದೇ ಕಷ್ಟ. ಆ ದಿನಕ್ಕೆ ಸಸಿ ತೀರಾ ಎಳೆಯದೂ ಆಗಿರಬಾರದು, ಟ್ರೇಯಲ್ಲೇ ಬಲಿತು ಬೇರು ಸುತ್ತಿಕೊಂಡೂ ಇರಬಾರದು. ಅದಕ್ಕೆ ಕ್ಯಾಲೆಂಡರ್ ಹಿಡಿದು ಫಂಕ್ಷನ್ ದಿನದಿಂದ ಹಿಂದಕ್ಕೆ ಎಣಿಸಬೇಕು.

ಟೊಮೆಟೊ ಬೀಜ ಹಾಕಿದ ದಿನದಿಂದ ಸುಮಾರು 25 ದಿನಕ್ಕೆ ನಾಟಿಗೆ ಬರುತ್ತದೆ. ನಾವು ಅದನ್ನು ಚಿಕ್ಕ ಪಾತ್ರೆಗೆ ಬದಲಾಯಿಸಿ ಕೊಡಬೇಕು, ಬದಲಾಯಿಸಿದ ಮೇಲೆ ಅದು ಸುಧಾರಿಸಿಕೊಳ್ಳೋಕೆ ಒಂದು ವಾರ ಬೇಕು. ಅಂದರೆ 32 ದಿನ ಮೊದಲು ಬೀಜ ಹಾಕಿ. ಬದನೆಗೆ 40 ದಿನ ಇಟ್ಟುಕೊಳ್ಳಿ. ಮೆಣಸಿನಕಾಯಿ ಸೋಮಾರಿ, ಮೊಳೆಯೋಕೇ 8ರಿಂದ 12 ದಿನ ತಗೊಳ್ಳುತ್ತದೆ, ಅದಕ್ಕೆ 45 ದಿನ. ಚೆಂಡು ಹೂವಿಗೆ ಟೊಮೆಟೊ ಲೆಕ್ಕವೇ ಸಾಕು. ತುಳಸಿಗೆ ಒಂದೂವರೆ ತಿಂಗಳಾದರೂ ಬೇಕು. ಸಬ್ಬಸಿಗೆ, ಮೂಲಂಗಿ, ಹುರುಳಿಕಾಯಿ ಇವನ್ನೆಲ್ಲ ಸಸಿ ಮಾಡಿ ಕೊಡಲೇಬೇಡಿ. ಬೇರು ಅಲುಗಿದರೆ ಅವು ಮುನಿಸಿಕೊಳ್ಳುತ್ತವೆ, ಬೀಜವನ್ನೇ ಪೊಟ್ಟಣ ಕಟ್ಟಿ ಕೊಡಿ. ಅವರೆಯೂ ಹಾಗೆಯೇ. ಆದರೆ ನಮ್ಮ ಕಡೆಯ ಹಳೆ ಹೊಲದ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ಬೇಸಿಗೆಯಲ್ಲಿ ಕೊಟ್ಟರೆ ಬಳ್ಳಿ ಹಬ್ಬುತ್ತದೆ, ಕಾಯಿ ಬಿಡುವುದಿಲ್ಲ, ಕೊಟ್ಟವರಿಗೆ ಬೈಗುಳ. ಆ ಕಾಲದಲ್ಲಿ ಕೊಡುವುದಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿ ಹುಡುಕಿ, ಅದಕ್ಕೆ ಹಗಲು ಉದ್ದವೋ ಗಿಡ್ಡವೋ ಲೆಕ್ಕವಿಲ್ಲ.

ಇನ್ನು ಪಂಚಾಂಗವೂ ನಮಗೆ ಸಹಾಯ ಮಾಡುತ್ತದೆ. ಆಷಾಢದಲ್ಲಿ ಯಾರೂ ಫಂಕ್ಷನ್ ಇಡುವುದಿಲ್ಲ. ಆದರೆ ಶ್ರಾವಣ ಬಂದ ತಕ್ಷಣ ಗೃಹಪ್ರವೇಶದ ಕಾರ್ಡುಗಳು ಒಂದರ ಮೇಲೊಂದು ಬರುತ್ತವೆ. ಹಾಗಾಗಿ ಬೀಜ ಹಾಕೋಕೆ ಆಷಾಢಕ್ಕಿಂತ ಒಳ್ಳೆ ತಿಂಗಳಿಲ್ಲ ಅನ್ನುವುದು ನನ್ನ ಲೆಕ್ಕ. ಧನುರ್ಮಾಸವೂ ಖಾಲಿ ತಿಂಗಳೇ, ಮಾಘದ ಮದುವೆಗಳಿಗೆ ಆಗ ಹಾಕಬೇಕು. ಆದರೆ ಆ ಚಳಿಯಲ್ಲಿ, ಅದರಲ್ಲೂ ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ಮಗ್ಗುಲಲ್ಲಿರುವವರಿಗೆ, ಬೀಜ ಮೊಳೆಯುವುದು ತಡ. ಮೇಲೆ ಹೇಳಿದ ಲೆಕ್ಕಕ್ಕೆ ಇನ್ನೊಂದು ವಾರ ಸೇರಿಸಿ, ರಾತ್ರಿ ಟ್ರೇಯನ್ನು ಅಡುಗೆಮನೆಯೊಳಗೆ ಇಡಿ. ವೈಶಾಖದ ಮದುವೆಗೆ ಟೊಮೆಟೊ ಬೇಡವೇ ಬೇಡ. ಬೇಸಿಗೆಯಲ್ಲಿ ಬಿಳಿನೊಣ ಜಾಸ್ತಿ, ಅದು ಎಲೆ ಮುದುಡು ರೋಗ ತರುತ್ತದೆ. ಶುಭ ಕಾರ್ಯಕ್ಕೆ ಮುದುಡಿದ ಗಿಡ ಕೊಟ್ಟರೆ ಚೆನ್ನಾಗಿರಲ್ಲ. ಆಗ ಬಸಳೆ ಕೊಡಿ.

ದಿನಾಂಕ ಹೇಳದೆ ಬರುವ ಸಂತೋಷಗಳಿಗೆ ಏನು ಮಾಡುವುದು? ಮಗು ಹುಟ್ಟಿತು, ಎಸ್ಎಸ್ಎಲ್‌ಸಿ ರಿಸಲ್ಟ್ ಬಂತು, ಕೆಲಸದ ಆರ್ಡರ್ ಕೈಗೆ ಬಂತು. ಇವಕ್ಕೆ ಬೀಜದಿಂದ ಸಸಿ ಮಾಡುತ್ತಾ ಕೂತರೆ ಮಗು ಮಗ್ಗುಲು ಹೊರಳುವ ಹೊತ್ತಿಗೆ ಗಿಡ ತಲುಪುತ್ತದೆ. ಅದಕ್ಕೆ ಕಡ್ಡಿಯಿಂದ ಬರುವ ಗಿಡಗಳು ಯಾವಾಗಲೂ ಆರೇಳು ತಯಾರಿರಲಿ: ದೊಡ್ಡಪತ್ರೆ, ಪುದೀನ, ಬಸಳೆ. ದೊಡ್ಡಪತ್ರೆಯ ಒಂದು ಗೇಣು ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಎರಡು ವಾರದಲ್ಲಿ ಬೇರು ಬಿಡುತ್ತದೆ. ಬಾಣಂತಿ ಮನೆಗೆ ಇದಕ್ಕಿಂತ ಸರಿಯಾದದ್ದು ನನಗೆ ಕಾಣುವುದಿಲ್ಲ, ತಂಬುಳಿಗಾದರೂ ಆಗುತ್ತದೆ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವವರ ಪರಿಚಯ ಇದ್ದರೆ ಹೂವಿನ ಕಾಲ ಮುಗಿದ ಮೇಲೆ ಬುಡದಲ್ಲಿ ಹೊಡೆಯುವ ಮರಿಗಳನ್ನು ಕೇಳಿ ತನ್ನಿ, ಸುಮ್ನೆ ಕೊಡುತ್ತಾರೆ.

ಬೀಜದ ವಿಷಯ. ಪ್ಯಾಕೆಟ್ ಮೇಲಿನ ದಿನಾಂಕ ನೋಡದೆ ತರಬೇಡಿ. ಹುಳಿ ಟೊಮೆಟೊ ಬೇಕು ಅನ್ನುವವರಿಗೆ ನಾಟಿ ತಳಿ ಕೊಡಿ. ಹಣ್ಣಾದ ನಾಟಿ ಟೊಮೆಟೊದ ತಿರುಳನ್ನು ಲೋಟದ ನೀರಲ್ಲಿ ಎರಡು ದಿನ ಬಿಟ್ಟು, ಮೇಲೆ ನೊರೆ ಕಟ್ಟಿದ ಮೇಲೆ ತೊಳೆದು, ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಿದರೆ ಬೀಜ ರೆಡಿ. ಪೇಪರ್ ಮೇಲೆ ಒಣಗಿಸಿದರೆ ಅಂಟಿಕೊಂಡುಬಿಡುತ್ತದೆ. ರೋಗದ ಭಯ ಇದ್ದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಒಳ್ಳೆಯದು, ಎಲೆ ಮುದುಡು, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ಆದರೆ ಅದು ಹೈಬ್ರಿಡ್. ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗಿಡ ಬರುವುದಿಲ್ಲ. ಕೊಡುವಾಗ ಈ ಮಾತು ಹೇಳಿ ಕೊಡಿ.

ಟ್ರೇ ತುಂಬೋಕೆ ಮಣ್ಣು ಬೇಡ, ತೆಂಗಿನ ನಾರಿನ ಪುಡಿ ಸಾಕು, ಅಂಗಡಿಯಲ್ಲಿ ಕೋಕೋಪೀಟ್ ಅಂದರೆ ಕೊಡುತ್ತಾರೆ. ತುಮಕೂರು, ತಿಪಟೂರಿನ ಕಡೆ ನೆಂಟರಿದ್ದರೆ ಇನ್ನೂ ಸುಲಭ, ನಾರಿನ ಫ್ಯಾಕ್ಟರಿಯ ಪಕ್ಕ ಪುಡಿ ಗುಡ್ಡೆ ಬಿದ್ದಿರುತ್ತದೆ. ಒಂದೇ ತೊಂದರೆ, ತೊಳೆಯದ ಪುಡಿಯಲ್ಲಿ ಉಪ್ಪು ಇರುತ್ತದೆ. ಅಂಗಡಿಯ ಕೋಕೋಪೀಟ್ ಇಟ್ಟಿಗೆಯಂತೆ ಒತ್ತಿದ್ದಾದರೆ, 650 ಗ್ರಾಂನ ಒಂದು ಇಟ್ಟಿಗೆಯನ್ನು ಬಕೆಟ್‌ನಲ್ಲಿ ನೆನೆಹಾಕಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಇಳಿಯುತ್ತದೆ, ಅದು ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಮೂರು ಪಾಲು ಪುಡಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಶಿಡ್ಲಘಟ್ಟದ ಕಡೆಯವರಿಗೆ ರೇಷ್ಮೆ ಹುಳದ ಹಿಕ್ಕೆ ಬೇಕಾದಷ್ಟು ಸಿಗುತ್ತದೆ, ಚೆನ್ನಾದ ಗೊಬ್ಬರ. ಆದರೆ ಹಸಿಯದನ್ನು ಹಾಕಬೇಡಿ, ಗುಂಡಿಯಲ್ಲಿ ಪೂರ್ತಿ ಕಳಿತು ವಾಸನೆ ಹೋದ ಮೇಲೆ ಮಾತ್ರ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಬಕೆಟ್ ಅಂಚಿಗೆ ಬಿಳಿ ಕಟ್ಟುವುದನ್ನು ನೋಡಿರುತ್ತೀರಿ, ಅದೇ ಬಿಳಿ ಟ್ರೇ ಮೇಲೂ ಕಟ್ಟುತ್ತದೆ. ಎಳೆ ಸಸಿಯ ಎಲೆ ತುದಿ ಸುಟ್ಟಂತೆ ಆಗುವುದಕ್ಕೆ ಅನೇಕ ಸಲ ಇದೂ ಕಾರಣ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೊದಲ ಎರಡು ವಾರ ಕ್ಯಾನ್ ನೀರನ್ನೇ ಹಾಕಿ, ಒಂದು ಟ್ರೇಗೆ ಬೇಕಾಗುವುದು ಎಷ್ಟು ಮಹಾ? ಮನೆಯ ಫಿಲ್ಟರ್ ಹೊರಗೆ ಬಿಡುವ ನೀರನ್ನು ಉಳಿತಾಯ ಅಂತ ಸಸಿಗೆ ಹಾಕುವವರು ಇದ್ದಾರೆ. ಅದರಲ್ಲಿ ಉಪ್ಪು ಬೋರ್‌ವೆಲ್ ನೀರಿಗಿಂತಲೂ ಜಾಸ್ತಿ. ಅದನ್ನು ನೆಲ ಒರೆಸೋಕೆ ಇಟ್ಟುಕೊಳ್ಳಿ.

ಇನ್ನು ಬಿತ್ತನೆ. 98 ಗುಂಡಿಯ ಟ್ರೇ ಸಾಕು. ಗುಂಡಿಗೊಂದು ಬೀಜ, ಅರ್ಧ ಸೆಂಟಿಮೀಟರ್ ಆಳ, ಮೇಲೆ ತೆಳ್ಳಗೆ ಪುಡಿ. ಒದ್ದೆ ಗೋಣಿಚೀಲ ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಟೊಮೆಟೊ ಐದಾರು ದಿನಕ್ಕೆ ಬಿಲ್ಲಿನಂತೆ ಬಗ್ಗಿಕೊಂಡು ಮೇಲೆ ಬರುತ್ತದೆ. ನಾಲ್ಕು ಮೊಳಕೆ ಕಂಡ ದಿನವೇ ಮುಚ್ಚಿದ್ದನ್ನು ತೆಗೆದುಬಿಡಿ. ‘ಎಲ್ಲಾ ಬರಲಿ’ ಅಂತ ಕಾಯುತ್ತಾ ಕೂತರೆ ಮೊದಲು ಬಂದವು ಬೆಳಕಿಲ್ಲದೆ ಬೆಳ್ಳಗೆ, ಉದ್ದಕ್ಕೆ, ಬಡಕಲಾಗಿ ಹೋಗುತ್ತವೆ. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿಡಿ, ಮಧ್ಯಾಹ್ನಕ್ಕೆ ಹಸಿರು ಪರದೆ. ಸೊಳ್ಳೆ ಪರದೆಯ ತುಂಡು ಸುತ್ತ ಕಟ್ಟಿದರೆ ಗುಬ್ಬಚ್ಚಿ, ಎಲೆ ತಿನ್ನುವ ಹುಳ ಎರಡರ ಕಾಟವೂ ತಪ್ಪುತ್ತದೆ.

ಈ ಹೊತ್ತಲ್ಲಿ ಹತ್ತಿರ ಬಗ್ಗಿ ನೋಡಿ. ಮೆಣಸಿನಕಾಯಿ ಮೊಳಕೆಗಳಲ್ಲಿ ಕೆಲವು ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ಎದ್ದಿರುತ್ತವೆ, ಎರಡು ಎಲೆಯ ತುದಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಕೈ ಸುಮ್ಮನಿರುವುದಿಲ್ಲ, ಕಿತ್ತುಬಿಡೋಣ ಅನ್ನಿಸುತ್ತದೆ. ಒಣಗಿದಾಗ ಕಿತ್ತರೆ ಸಿಪ್ಪೆಯ ಜೊತೆ ಎಲೆಯೂ ಬರುತ್ತದೆ. ಸಂಜೆ ಬೆರಳ ತುದಿಯಿಂದ ಒಂದು ಹನಿ ನೀರು ಇಟ್ಟು ಬಿಡಿ, ಮಾರನೆ ದಿನ ಬೆಳಿಗ್ಗೆ ಮೆತ್ತಗಾಗಿ ತಾನೇ ಬೀಳುತ್ತದೆ, ಇಲ್ಲವಾದರೆ ಮೆಲ್ಲಗೆ ಸವರಿದರೆ ಸಾಕು.

ಆಷಾಢದ ಮೋಡದಲ್ಲಿ ಕಾಡುವುದು ಬುಡ ಕೊಳೆಯುವ ರೋಗ. ಸಂಜೆ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರು, ಆದರೆ ಬುಡದಲ್ಲಿ ಕಾಂಡ ನೀರು ತುಂಬಿದ ಹಾಗೆ ಆಗಿ ದಾರದಷ್ಟು ಸಣ್ಣಗಾಗಿರುತ್ತದೆ. ಇದು ಶಿಲೀಂಧ್ರದ ಕೆಲಸ, ಅದಕ್ಕೆ ದಾರಿ ಮಾಡಿಕೊಡುವುದು ನಮ್ಮ ಅತಿ ಪ್ರೀತಿಯ ನೀರು. ಬಿದ್ದ ಸಸಿಯನ್ನೂ ಅದರ ಗುಂಡಿಯ ಪುಡಿಯನ್ನೂ ತೆಗೆದು ದೂರ ಎಸೆಯಿರಿ, ಒಂದು ದಿನ ನೀರು ನಿಲ್ಲಿಸಿ, ಗಾಳಿ ಆಡುವಂತೆ ಮಾಡಿ. ಮೊದಲೇ ಎಚ್ಚರ ಬೇಕೆನ್ನುವವರು ಒಂದು ಕೆಜಿ ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ ಪುಡಿ (ರೋಗ ತರುವ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆ ಶಿಲೀಂಧ್ರ) ಕಲಸಿ, ಒದ್ದೆ ಮಾಡಿ, ವಾರ ನೆರಳಲ್ಲಿಟ್ಟು ಟ್ರೇಗೆ ಬಳಸಿ. ನೀರು ಹಾಕುವುದು ಬೆಳಿಗ್ಗೆ ಮಾತ್ರ.

ಟ್ರೇಯಿಂದ ಬದಲಾಯಿಸುವುದಕ್ಕೆ ನನ್ನ ಓಟು ತೆಂಗಿನ ಚಿಪ್ಪಿಗೆ. ಪ್ಲಾಸ್ಟಿಕ್ ಲೋಟ ಕೊಟ್ಟು ಪರಿಸರದ ಮಾತಾಡುವುದು ಚೆನ್ನಾಗಿ ಕಾಣುವುದಿಲ್ಲ. ಕಾಯಿ ಒಡೆದಾಗ ಕಣ್ಣಿರುವ ಕಡೆಯ ಹೋಳನ್ನು ಎತ್ತಿಡಿ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆ ಇಟ್ಟು ಒತ್ತಿದರೆ ತೂತಾಗಿ ನೀರು ಇಳಿಯೋಕೆ ದಾರಿಯಾಗುತ್ತದೆ. ಟೊಮೆಟೊ ಸಸಿಯನ್ನು ಮೊಳೆತಾಗ ಮೊದಲು ಬಂದ ಎರಡು ಎಲೆಗಳ ತನಕ ಆಳಕ್ಕೆ ಹೂತರೂ ಆಗುತ್ತದೆ, ಕಾಂಡದಿಂದ ಬೇರು ಬಿಡುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿ ಹೋಗಿದ್ದವೂ ಬಚಾವ್. ಮೆಣಸಿನಕಾಯಿಯನ್ನು ಟ್ರೇಯಲ್ಲಿ ಇದ್ದಷ್ಟೇ ಮಟ್ಟಕ್ಕೆ ಇಡಿ. ಬದಲಾಯಿಸಿದ ಎರಡು ದಿನ ನೆರಳು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲು ಹೆಚ್ಚಿಸಿ, ನೀರು ಕಡಿಮೆ ಮಾಡಿ. ನೆರಳಲ್ಲೇ ಮುದ್ದಾಗಿ ಬೆಳೆದ ಸಸಿ ನೋಡೋಕೆ ಚೆಂದ, ಬೇರೆಯವರ ಮನೆಯ ಬಿಸಿಲಿಗೆ ಹೋದ ದಿನವೇ ಬಾಡುತ್ತದೆ.

ಯಾರಿಗೆ ಏನು ಕೊಡುವುದು ಅನ್ನುವುದನ್ನೂ ಯೋಚಿಸಿ. ಬೆಂಗಳೂರಿನ ಫ್ಲಾಟ್‌ನ ಎರಡಡಿ ಬಾಲ್ಕನಿಗೆ ಹೋಗುವ ಹೊಸ ಜೋಡಿಗೆ ಬದನೆ ಕೊಟ್ಟರೆ ಅದು ಅವರಿಗೂ ಗಿಡಕ್ಕೂ ಶಿಕ್ಷೆ, ಪುದೀನ ಸಾಕು. ಹಿತ್ತಲಿರುವ ದೊಡ್ಡಮ್ಮನಿಗೆ ಗುಂಡು ಬದನೆ, ಕರಿಬೇವು. ಟೊಮೆಟೊ ಬೆಳೆಯುವ ರೈತರ ಮನೆಗೆ ಟೊಮೆಟೊ ಸಸಿ ಒಯ್ಯಬೇಡಿ, ನಗುತ್ತಾರೆ, ಅವರಿಗೆ ತುಳಸಿಯೋ ಹೂವಿನ ಗಿಡವೋ ಕೊಡಿ. ಉಳಿದವರಿಗೆ ಟೊಮೆಟೊ ಧೈರ್ಯವಾಗಿ ಕೊಡಬಹುದು. 2023ರ ಜುಲೈನಲ್ಲಿ ಕೆಜಿ ನೂರು ರೂಪಾಯಿ ದಾಟಿದಾಗ, ಕೋಲಾರದಂಥ ಟೊಮೆಟೊ ಊರಿನಲ್ಲೂ ಸಾರಿಗೆ ಹುಣಸೆಹಣ್ಣೇ ಗತಿ ಆದಾಗ, ಕುಂಡದಲ್ಲಿ ಎರಡು ಗಿಡ ಇದ್ದವರ ಗತ್ತು ನೋಡಬೇಕಿತ್ತು.

ಪ್ರತಿ ಚಿಪ್ಪಿಗೂ ಒಂದು ಚೀಟಿ ಕಟ್ಟಿ: ಗಿಡದ ಹೆಸರು, ಬೀಜ ಹಾಕಿದ ದಿನ, ‘ವಾರದೊಳಗೆ ದೊಡ್ಡ ಕುಂಡಕ್ಕೆ ಹಾಕಿ’ ಅಂತ ಒಂದು ಸಾಲು. ಯಾರ ಸಂತೋಷಕ್ಕೆ ಕೊಟ್ಟದ್ದು ಅನ್ನುವುದನ್ನೂ ಬರೆಯಿರಿ, ‘ಪುಟ್ಟಿಯ ನಾಮಕರಣ’ ಅಂತ ಇದ್ದರೆ ಆ ಗಿಡಕ್ಕೆ ನೀರು ತಪ್ಪುವುದಿಲ್ಲ. ಕೊಟ್ಟ ಮೇಲೆ ‘ಗಿಡ ಹೇಗಿದೆ’ ಅಂತ ಫೋನ್ ಮಾಡಿ ಪ್ರಾಣ ತಿನ್ನಬೇಡಿ. ಚೆನ್ನಾಗಿದ್ದರೆ ಅವರೇ ಫೋಟೊ ಕಳಿಸುತ್ತಾರೆ. ‘ಅಕ್ಕಾ, ನಿಮ್ಮ ಬದನೆ ಹೂ ಬಿಟ್ಟಿದೆ, ನಮ್ಮ ಪಾಪೂಗೂ ಮೊದಲ ಹಲ್ಲು ಕಾಣಿಸ್ತಿದೆ’ ಅಂತ ಒಂದೇ ಮೆಸೇಜಿನಲ್ಲಿ ಎರಡೂ ಸುದ್ದಿ ಬರುತ್ತವೆ. ಸುದ್ದಿ ಬರಲಿಲ್ಲ ಅಂದರೆ ಗಿಡ ಹೋಗಿದೆ ಅಂತ ಅರ್ಥ. ಏನೂ ಕೇಳದೆ ಮುಂದಿನ ಸಲ ಹೋದಾಗ ಇನ್ನೊಂದು ಹಿಡಿದುಕೊಂಡು ಹೋಗಿ.

ಬೇಕಾದದ್ದಕ್ಕಿಂತ ಕಾಲು ಭಾಗ ಜಾಸ್ತಿ ಹಾಕಿರುತ್ತೀರಿ, ಹಾಕಲೇಬೇಕು, ಎಲ್ಲವೂ ಮೊಳೆಯುವುದಿಲ್ಲ. ಉಳಿದ ಸಸಿಗಳು ಚಿಪ್ಪಿನಲ್ಲಿ ಹತ್ತು ದಿನಕ್ಕಿಂತ ಜಾಸ್ತಿ ಇದ್ದರೆ ಬೇರು ಸುತ್ತಿಕೊಂಡು ಬೆಳವಣಿಗೆ ನಿಲ್ಲುತ್ತದೆ. ಹೂ ಮಾರುವ ಅಮ್ಮನಿಗೆ ಎರಡು, ಪಕ್ಕದ ಬೀದಿಗೆ ನಾಲ್ಕು ಕೊಟ್ಟುಬಿಡಿ. ಬಿಸಿಯೂಟಕ್ಕೆ ಕೈತೋಟ ಮಾಡಿರುವ ಶಾಲೆ ಹತ್ತಿರ ಇದ್ದರೆ ಅಲ್ಲಿಗೂ ಕೊಡಬಹುದು. ಆದರೆ ಶಾಲೆ ತೆರೆದ ಜೂನ್, ಜುಲೈನಲ್ಲಿ ಕೊಡಿ, ರಜೆಯ ಮುಂಚೆ ಕೊಟ್ಟರೆ ಏಪ್ರಿಲ್ ಬಿಸಿಲಲ್ಲಿ ನೀರು ಹಾಕುವವರು ಇರುವುದಿಲ್ಲ. ಕೊಡುವ ಮುಂಚೆ ಅಡುಗೆಯವರನ್ನು ಒಂದು ಮಾತು ಕೇಳಿ, ಬಹಳ ಕಡೆ ಅವರು ಕೇಳುವುದು ಕರಿಬೇವು, ನುಗ್ಗೆ.