ಕನ್ವೆನ್ಷನ್ ಮುಗಿದ ಮೇಲೆ ಏನು? ನಂಬಿಕೆಯಲ್ಲಿ ಬೇರೂರುವುದು ಹೇಗೆ

ಕನ್ವೆನ್ಷನ್, ಅಂದರೆ ನಮ್ಮ ಕ್ರೈಸ್ತರ ದೊಡ್ಡ ಪ್ರಾರ್ಥನಾ ಕೂಟ. ಅಲ್ಲಿ ಎಲ್ಲವೂ ಇರುತ್ತದೆ. ಪೆಂಡಾಲ್, ಕೀಬೋರ್ಡ್, ಕಣ್ಣೀರು, ತೀರ್ಮಾನ. ಮುಗಿದ ಮರುದಿನ ಎದ್ದರೆ ಅದೇ ಆಫೀಸು, ಅದೇ ಸಾಲದ ಕಂತು, ಮನೆಯಲ್ಲಿ ಅದೇ ಜಗಳ. ಎರಡು ವಾರ ಕಳೆಯುವಷ್ಟರಲ್ಲಿ ಬೈಬಲ್ ಮೇಲೆ ಮತ್ತೆ ಧೂಳು. ಕನ್ವೆನ್ಷನ್‌ಗೆ ಹೋಗಬೇಡಿ ಅಂತ ಹೇಳುತ್ತಿಲ್ಲ, ಹೋಗಿ. ಆದರೆ ಬೇರು ಬಿಡುವ ಕೆಲಸ ಅಲ್ಲಿ ಆಗುವುದಿಲ್ಲ, ಅದು ಮಂಗಳವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಆಗಬೇಕು.

ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ಬಂಡೆ ನೆಲಕ್ಕೆ ಬಿದ್ದ ಬೀಜ ಬೇಗನೇ ಮೊಳೆಯಿತು. ಬಿಸಿಲೇರಿದ ಕೂಡಲೇ ಬಾಡಿತು. ಗದಗ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಹೆಚ್ಚು ಬರುವುದಿಲ್ಲ, ನೆಲ ಹಿಡಿದಿಟ್ಟ ಹಸಿಯನ್ನೇ ಬೇರು ಹುಡುಕಿಕೊಂಡು ಹೋಗಿ ತೆನೆ ಕಟ್ಟುತ್ತದೆ. ನಮ್ಮ ನಂಬಿಕೆಗೂ ಅಂಥ ಹಸಿ ಬೇಕು.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಅದೇ ಮಿಶನ್ನಿನ, ಕನ್ನಡ ನಿಘಂಟು ಬರೆದ ಕಿಟೆಲ್ ಈ ಕಡೆ ಕಾಲಿಟ್ಟದ್ದು 1853ರಲ್ಲಿ. ನಮ್ಮ ಹಳೆಯ ಮನೆತನಗಳಿಗೆ ಇದರ ಬಗ್ಗೆ ಬಹಳ ಹೆಮ್ಮೆ, ಇರಲಿ. ಆದರೆ ಮುತ್ತಜ್ಜನ ಹೆಸರು ಸಭೆಯ (ಚರ್ಚಿನ) ದಫ್ತರಿನಲ್ಲಿದೆ ಅಂದ ಮಾತ್ರಕ್ಕೆ ಮೊಮ್ಮಗನಿಗೆ ಪ್ರಾರ್ಥನೆ ಬರುತ್ತದಾ? ಪ್ರತಿ ತಲೆಮಾರೂ ಹೊಸದಾಗೇ ಶುರು ಮಾಡಬೇಕು.

ಹೊತ್ತು ಗೊತ್ತು ಮಾಡಿಕೊಳ್ಳುವುದು

ಬೆಳಿಗ್ಗೆ ಐದಕ್ಕೇ ಎದ್ದು ಒಂದು ಗಂಟೆ ಅಂತ ಹಟ ಹಿಡಿದು ಶುರು ಮಾಡಬೇಡಿ. ರೈಲ್ವೆ ವರ್ಕ್‌ಶಾಪಿನಲ್ಲಿ ಶಿಫ್ಟ್ ಇರುತ್ತದೆ, ನಳದ ನೀರು ಯಾವ ಹೊತ್ತಿಗೋ ಬರುತ್ತದೆ, ನೀರು ಬಿಟ್ಟ ದಿನ ಇಡೀ ಮನೆ ಕೊಡ, ಡ್ರಮ್ಮು, ಪೈಪು ಅಂತ ಓಡಾಡುತ್ತಿರುತ್ತದೆ, ಅವತ್ತು ನಿಮ್ಮ ಐದು ಗಂಟೆ ಕೈಕೊಟ್ಟರೆ ಮರುದಿನ ಮನಸ್ಸೂ ಕೈಕೊಡುತ್ತದೆ. ಗಡಿಯಾರ ಬಿಡಿ. ಹೇಗಿದ್ದರೂ ಮಾಡುವ ಒಂದು ಕೆಲಸಕ್ಕೆ ಜೋಡಿಸಿ. ಮೊದಲ ಚಹಾ ಆದ ಮೇಲೆ, ಅಥವಾ ಮಕ್ಕಳು ಸ್ಕೂಲಿಗೆ ಹೋದ ಮೇಲೆ. ಹದಿನೈದು ನಿಮಿಷ ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ, ಇದು ಮಾತ್ರ ಕಡ್ಡಾಯ.

ಓದುವುದು ಹೇಗೆ

ಜನವರಿ ಒಂದಕ್ಕೆ ಆದಿಕಾಂಡದಿಂದ ಶುರು ಮಾಡುವವರೇ ಜಾಸ್ತಿ. ಆದಿಕಾಂಡದ 50 ಅಧ್ಯಾಯ ಕಥೆಯಾಗಿ ಓಡುತ್ತವೆ, ವಿಮೋಚನಕಾಂಡ ಅರ್ಧದವರೆಗೆ ಪರವಾಗಿಲ್ಲ, ಯಾಜಕಕಾಂಡಕ್ಕೆ ಬಂದಾಗ ಗಾಡಿ ನಿಂತೇ ಹೋಗುತ್ತದೆ. ಅದರ ಬದಲು ಮಾರ್ಕನ ಸುವಾರ್ತೆ ಹಿಡಿಯಿರಿ. 16 ಅಧ್ಯಾಯ ಅಷ್ಟೇ. ದಿನಕ್ಕೆ ಅರ್ಧ ಅಧ್ಯಾಯ ಅಂದರೂ ಸುಮಾರು ಒಂದು ತಿಂಗಳು.

ಬಾಯಿಬಿಟ್ಟು ಓದಿ, ಗಟ್ಟಿಯಾಗಿ. ಒಂದು ಉದಾಹರಣೆ ನೋಡೋಣ. ನಾಲ್ಕನೇ ಅಧ್ಯಾಯದ ಕೊನೆ, 35ರಿಂದ 41. ಸಂಜೆ ಹೊತ್ತು, ದೋಣಿ, ಬಿರುಗಾಳಿ. ದೋಣಿಯೊಳಗೆ ನೀರು ತುಂಬುತ್ತಿದೆ. ಯೇಸು ಹಿಂಭಾಗದಲ್ಲಿ ತಲೆದಿಂಬು ಇಟ್ಟುಕೊಂಡು ಮಲಗಿದ್ದಾನೆ. ಒಂದು ಸಲ ಓದಿ ಸುಮ್ನೆ ಕೂತುಕೊಳ್ಳಿ. ಎರಡನೇ ಸಲ ಓದುವಾಗ ನೀವೂ ದೋಣಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಶಿಷ್ಯರು ಅವನನ್ನು ಎಬ್ಬಿಸುವಾಗ ಭಕ್ತಿಯ ಮಾತಾಡುವುದಿಲ್ಲ, ನಾವು ಸಾಯ್ತಾ ಇದ್ದೇವೆ, ನಿನಗೆ ಅದರ ಚಿಂತೆ ಇಲ್ಲವಾ ಅಂತ ದೂರುತ್ತಾರೆ. ಈ ದೂರು ನಿಮ್ಮ ಬಾಯಲ್ಲೂ ಇದೆಯಾ? ಯಾವ ವಿಷಯಕ್ಕೆ? ಅದನ್ನು ಒಂದು ವಾಕ್ಯದಲ್ಲಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಅವತ್ತಿನ ಪ್ರಾರ್ಥನೆ ಅದೇ. ಇನ್ನೊಂದು ಗಮನಿಸಿ, ಗಾಳಿ ನಿಂತ ಮೇಲೆ ಅವರ ಭಯ ಕಡಿಮೆ ಆಗುವುದಿಲ್ಲ, ಜಾಸ್ತಿಯಾಗುತ್ತದೆ, ಇವನು ಯಾರಿರಬಹುದು ಅಂತ. ಅದರ ಬಗ್ಗೆ ದಿನವಿಡೀ ಯೋಚಿಸಬಹುದು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಬೈಬಲ್ ಆ್ಯಪ್‌ನಲ್ಲಿ ಕನ್ನಡ ಆಡಿಯೋ ಹಾಕಿಕೊಳ್ಳಬಹುದು. ಒಂದು ಪ್ರಯಾಣದಲ್ಲಿ ಮಾರ್ಕನ ಎರಡು ಮೂರು ಅಧ್ಯಾಯ ಆರಾಮಾಗಿ ಕೇಳಿಸುತ್ತವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಬೈಬಲ್ ಓದಲು ತಡವರಿಸುವ ಮಕ್ಕಳಿಗೂ ಇದು ಒಳ್ಳೆಯದು. ಅಜ್ಜಿಯ ಜೊತೆ ಕೂತು ಕೇಳಿದರೆ ಇನ್ನೂ ಒಳ್ಳೆಯದು, ಅರ್ಥವಾಗದ ಮಾತನ್ನು ಅಲ್ಲೇ ಕೇಳಬಹುದು.

ಪ್ರಾರ್ಥನೆಗೆ ಮಾತು ಸಿಗದಿದ್ದರೆ

ಕೀರ್ತನೆಗಳನ್ನು ಸಾಲ ತೆಗೆದುಕೊಳ್ಳಿ. ಒಟ್ಟು 150 ಇವೆ, ದಿನಕ್ಕೆ ಐದರಂತೆ ಒಂದು ತಿಂಗಳಲ್ಲಿ ಮುಗಿಯುತ್ತವೆ (119ನೆಯದಕ್ಕೆ 176 ವಚನ, ಅದಕ್ಕೊಂದು ಭಾನುವಾರ ಬೇಕು). ಎಲ್ಲವೂ ಸ್ತೋತ್ರವಲ್ಲ. 13ನೆಯದು ಶುರುವಾಗುವುದೇ ಇನ್ನೆಷ್ಟು ದಿನ ಅಂತ ನಾಲ್ಕು ಸಲ ಕೇಳುವುದರಿಂದ. 88ನೆಯದು ಕತ್ತಲೆಯಲ್ಲೇ ಮುಗಿದುಬಿಡುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಇಲ್ಲ. ಅಂಥದ್ದನ್ನೂ ಬೈಬಲ್‌ನಲ್ಲಿ ಇಟ್ಟಿದ್ದಾರೆ ಅಂದಮೇಲೆ ನಾವು ದೇವರ ಮುಂದೆ ನಾಟಕ ಮಾಡಬೇಕಾಗಿಲ್ಲ ಅಲ್ವಾ. ಕಥೋಲಿಕರ ಮನೆಯಲ್ಲಿ ಜಪಸರ ಇದೆ, ಅದನ್ನು ಗಡಿಬಿಡಿ ಇಲ್ಲದೆ ಹೇಳಿದರೆ ಸಾಕು.

ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ದಾಟಬಾರದು. ಒಂದು ಹಾಡು, ಅದನ್ನು ಆರಿಸುವುದು ಮನೆಯ ಸಣ್ಣ ಮಗು. ಕೆಲವು ವಚನ, ಆಮೇಲೆ ಎಲ್ಲರೂ ಒಂದೊಂದು ವಾಕ್ಯದ ಪ್ರಾರ್ಥನೆ. ಅಪ್ಪಂದಿರಿಗೆ ಒಂದು ವಿನಂತಿ: ಕಣ್ಣು ಮುಚ್ಚಿಕೊಂಡು, ಕರ್ತನೇ ಈ ಹುಡುಗ ಮೊಬೈಲ್ ಬಿಟ್ಟು ಓದುವ ಹಾಗೆ ಮಾಡು ಅಂತ ಮಗನಿಗೆ ಬೈಯಬೇಡಿ. ಬೈಯುವುದಿದ್ದರೆ ಆಮೆನ್ ಆದ ಮೇಲೆ ನೇರವಾಗಿ ಬೈಯಿರಿ.

ಒಂದೇ ಸಭೆ

ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ, ಮಳೆ ಬಂದರೆ ಯೂಟ್ಯೂಬ್. ಹೀಗಾದರೆ ಒಳ್ಳೆಯ ಪ್ರಸಂಗ ಸಿಗಬಹುದು, ಆದರೆ ನೀವು ಬರದಿದ್ದರೆ ಯಾಕೆ ಬರಲಿಲ್ಲ ಅಂತ ಫೋನ್ ಮಾಡುವವರು ಸಿಗುವುದಿಲ್ಲ. ಅಪೊಸ್ತಲರ ಕೃತ್ಯಗಳು 2:42ರಲ್ಲಿ ಮೊದಲ ಸಭೆ ನಾಲ್ಕು ಕೆಲಸ ಬಿಡದೆ ಮಾಡುತ್ತಿತ್ತು: ಬೋಧನೆ ಕೇಳುವುದು, ಒಡನಾಟ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಇದರಲ್ಲಿ ಮೊಬೈಲ್‌ನಲ್ಲಿ ಸರಿಯಾಗಿ ಸಿಗುವುದು ಒಂದೇ.

ಒಂದು ಸಭೆ ಆರಿಸಿ, ಒಂದು ಸಣ್ಣ ಕೆಲಸ ಕೇಳಿ ಪಡೆಯಿರಿ. ಕುರ್ಚಿ ಹಾಕುವುದು, ಸಂಡೇ ಸ್ಕೂಲ್, ಸುಗ್ಗಿ ಹಬ್ಬದ ಹರಾಜಿನಲ್ಲಿ ಲೆಕ್ಕ ಬರೆಯುವುದು. ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಪೈಪೋಟಿಗೆ ಬಿದ್ದು ಬೆಲೆ ಏರಿಸುವುದನ್ನು ನೋಡುವುದೇ ಒಂದು ಆನಂದ, ಬಿಡಿ. ಸಭೆಯಲ್ಲಿ ರಾಜಕೀಯ ಇರುತ್ತದೆ, ಕಮಿಟಿ ಚುನಾವಣೆ ಬಂದರಂತೂ ಕೇಳುವುದೇ ಬೇಡ. ಕೊರಿಂಥ ಊರಿನ ಸಭೆಯಲ್ಲೂ ಗುಂಪುಗಾರಿಕೆ ಇತ್ತು. ಅಪೊಸ್ತಲ ಪೌಲ ಅವರಿಗೆ ಸಭೆ ಬಿಡಿ ಅಂತ ಬರೆಯಲಿಲ್ಲ.

ಹಾವೇರಿ ಕಡೆಯ ಹಳ್ಳಿಯಲ್ಲಿ ನಿಮ್ಮದು ಒಂದೇ ಮನೆ, ಪಾಸ್ಟರ್ ಅಪರೂಪಕ್ಕೆ ಬರುತ್ತಾರೆ ಅಂದರೆ? ಇಬ್ಬರು ಮೂವರು ಸೇರಿದರೂ ಯೇಸು ಅಲ್ಲಿರುತ್ತೇನೆ ಅಂದಿದ್ದಾನೆ. ವಾರಕ್ಕೊಮ್ಮೆ ಪಕ್ಕದ ಊರಿನ ಒಬ್ಬ ವಿಶ್ವಾಸಿಗೆ ಫೋನ್ ಮಾಡಿ, ಒಂದೇ ಭಾಗ ಓದಿ ಮಾತಾಡಿ. ತಿಂಗಳಿಗೊಮ್ಮೆ ಸಂಸ್ಕಾರದ (ಪ್ರಭು ಭೋಜನದ) ಭಾನುವಾರಕ್ಕೆ ಏನಾದರೂ ಮಾಡಿ ಪೇಟೆಗೆ ಹೋಗಿ. ಪ್ರಾರ್ಥನೆಗೆ ರೇಟು ಹೇಳುವವರು ಮನೆ ಬಾಗಿಲಿಗೆ ಬಂದರೆ ಚಹಾ ಕೊಟ್ಟು ಕಳಿಸಿ, ಹಣ ಬೇಡ.

ಒಣಗಿದ ದಿನಗಳು ಬರುತ್ತವೆ. ಓದಿದ್ದು ಒಳಗೆ ಇಳಿಯುವುದಿಲ್ಲ, ಹಾಡು ತುಟಿಯಲ್ಲೇ ನಿಲ್ಲುತ್ತದೆ. ಆಗ ಹೊಸದೇನೂ ಹುಡುಕಬೇಡಿ, ಅದೇ ಹದಿನೈದು ನಿಮಿಷ ಕೂರಿ, ನಂಬುವ ಒಬ್ಬರಿಗೆ ಹೇಳಿ. ಆದರೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದನ್ನು ನಂಬಿಕೆಯ ಕೊರತೆ ಅಂತ ಕರೆಯಬೇಡಿ, ಕರೆಯಲು ಬಿಡಲೂಬೇಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಡಾಕ್ಟರನ್ನು ನೋಡಿ. ಪ್ರಾರ್ಥನೆಯೂ ನಡೆಯಲಿ, ಮಾತ್ರೆಯೂ ನಡೆಯಲಿ.

ಪಕ್ಕದ ಮನೆಯ ಹೋಳಿಗೆ

ಯುವಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಬ್ಬದ ತಿಂಡಿ ತಿನ್ನಬಹುದಾ? ಪೌಲ ಇದರ ಬಗ್ಗೆ 1 ಕೊರಿಂಥ 8 ಮತ್ತು 10ರಲ್ಲಿ ಉದ್ದಕ್ಕೆ ಬರೆದಿದ್ದಾನೆ. ಊಟಕ್ಕೆ ಕರೆದರೆ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ. ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ ಅನ್ನುತ್ತಾನೆ. ನನ್ನ ಪ್ರಕಾರ ಯುಗಾದಿಗೆ ಪ್ರೀತಿಯಿಂದ ಕೊಟ್ಟ ಹೋಳಿಗೆಯನ್ನು ಅನುಮಾನದಿಂದ ಮೂಸಿ ನೋಡುವುದು ಭಕ್ತಿ ಅಲ್ಲ. ನೈವೇದ್ಯ ಅಂತ ಹೇಳಿ ಕೊಟ್ಟರೆ, ಕೈ ಮುಗಿದು, ನಮ್ಮಲ್ಲಿ ತೆಗೆದುಕೊಳ್ಳುವುದಿಲ್ಲ ಅಂತ ನಗುತ್ತಾ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮುಖ ಸಿಂಡರಿಸಿದರೆ ಮಾತ್ರ ಮಾಡಿಕೊಳ್ಳುತ್ತಾರೆ. ಕ್ರಿಸ್ಮಸ್‌ಗೆ ಕರ್ಚಿಕಾಯಿ, ಚಕ್ಕುಲಿ ಮೊದಲು ಅವರ ಮನೆಗೇ ಹೋಗಲಿ. ತಟ್ಟೆಯ ಕೆಳಗೆ ಕರಪತ್ರ ಇಡಬೇಡಿ.