ಸಂದರ್ಶನಕ್ಕೆ ಹೋಗುವ ಮುನ್ನ ಧೈರ್ಯ ಕೂಡಿಸಿಕೊಳ್ಳುವುದು ಹೇಗೆ?

ಮಂಡ್ಯ, ಮದ್ದೂರು ಕಡೆಯಿಂದ ಒಳ್ಳೆಯ ಅಂಕ ಪಡೆದು ಮೈಸೂರಿನ ಹೆಬ್ಬಾಳದ ಕಂಪನಿಗಳಿಗೆ ಸಂದರ್ಶನಕ್ಕೆ ಬರುವ ಪದವೀಧರರು ಮೊದಲ ಪ್ರಶ್ನೆಗೇ ತಡವರಿಸುವುದನ್ನು ನೋಡುತ್ತಲೇ ಇದ್ದೇನೆ. "ನಿಮ್ಮ ಬಗ್ಗೆ ಹೇಳಿ" ಎಂದರೆ ಅಪ್ಪನ ಹೆಸರು, ಊರು, ಹವ್ಯಾಸ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಆಮೇಲೆ "ನನ್ನ ಸ್ವಭಾವವೇ ಹೀಗೆ, ನನಗೆ ಮಾತು ಬರಲ್ಲ" ಅಂದುಕೊಂಡು ಮುಂದಿನ ಅರ್ಜಿಯನ್ನೇ ಹಾಕುವುದಿಲ್ಲ. ಹೆಚ್ಚಿನವರಿಗೆ ಕೆಲಸ ಕೈತಪ್ಪುವುದು ಇಲ್ಲೇ.

ಮೊದಲು ಆ ಮಾತನ್ನು ಬಿಡಿ. ಮನಶ್ಶಾಸ್ತ್ರಜ್ಞೆ ರುತ್ ಕ್ಯಾನ್ಫರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬೆರೆಯುವ ಗುಣ ಇದ್ದವರು ಕೆಲಸವನ್ನು ಹೆಚ್ಚು ಹುಡುಕುತ್ತಾರೆ, ನಿಜ. ಆದರೆ ಅಚ್ಚುಕಟ್ಟುತನ ಇದ್ದವರೂ, ತನ್ನಿಂದ ಆಗುತ್ತದೆಂಬ ನಂಬಿಕೆ ಇದ್ದವರೂ ಹಾಗೆಯೇ ಹುಡುಕುತ್ತಾರೆ. ಮೆತ್ತಗಿನ ಹುಡುಗಿ ಅಚ್ಚುಕಟ್ಟಾಗಿ ಇರಬಹುದಲ್ಲ.

ರೆಸ್ಯೂಮೆ ಒಂದೇ ಪುಟ, ನೀವೇ ಟೈಪ್ ಮಾಡಿದ್ದು. ಜೆರಾಕ್ಸ್ ಅಂಗಡಿಯ ರೆಡಿ ನಮೂನೆಯಲ್ಲಿ ಹೆಸರು ಮಾತ್ರ ಬದಲಿಸಿದ್ದು ಓದಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ಕಷ್ಟದ ಹಂತ. ನೀವು ನಿಜವಾಗಿ ಮಾಡಿ ಮುಗಿಸಿದ ಮೂರು ಕೆಲಸ ಬರೆದುಕೊಳ್ಳಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ ಹಾಗೆ, ಆತ್ಮವಿಶ್ವಾಸಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಸ್ವತಃ ಮಾಡಿ ಗೆದ್ದ ಅನುಭವ. ಇತರರ ಹೊಗಳಿಕೆಗೆ ಅಷ್ಟು ಬಲವಿಲ್ಲ. ದೊಡ್ಡ ಕೆಲಸವೇ ಆಗಬೇಕಿಲ್ಲ. ಬಿ.ಕಾಂ. ಓದುತ್ತಲೇ ಮನೆಯ ಆಲೆಮನೆಯಲ್ಲಿ ಕಬ್ಬಿನ ತೂಕ, ಕೂಲಿ ಬಟವಾಡೆಯ ಲೆಕ್ಕ ನೋಡಿದ್ದರೆ ಅದೇ ಸಾಕು. "ಅದನ್ನೆಲ್ಲ ಹೇಳೋದಾ ಸರ್?" ಎಂದು ನಾಚುತ್ತಾರೆ. ಖಂಡಿತ ಹೇಳಬೇಕು! ಏನು ತೊಡಕಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟನ್ನೇ ಹೇಳಿ. ಮೊದಲು ಕನ್ನಡದಲ್ಲಿ, ಜೋರಾಗಿ. ಸರಾಗವಾದ ಮೇಲೆ ಇಂಗ್ಲಿಷಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ; ಎಲ್ಲಿ ನುಂಗಿದಿರಿ ಎಂಬುದು ನಿಮಗೇ ತಿಳಿಯುತ್ತದೆ. ಯೂಟ್ಯೂಬಿನ ಮಾದರಿ ಉತ್ತರ ಉರು ಹೊಡೆಯಬೇಡಿ, ಎರಡನೇ ಪ್ರಶ್ನೆಗೆ ಅದು ಕೈಕೊಡುತ್ತದೆ. ಬಳಿಕ ಅಷ್ಟು ಪರಿಚಯವಿಲ್ಲದ ಸೀನಿಯರ್ ಒಬ್ಬರ ಮುಂದೆ ಕೂತು ಹೇಳಿ. ಗೆಳೆಯರ ಮುಂದೆ ಹೇಳಿದರೆ ನಗುವಿನಲ್ಲೇ ಮುಗಿದುಹೋಗುತ್ತದೆ.

'ಪರ್ಸನಾಲಿಟಿ ಡೆವಲಪ್‌ಮೆಂಟ್' ತರಗತಿಗಳಿಗೆ ಯುವನಿಧಿಯ 3,000 ರೂಪಾಯಿ ಸುರಿಯುವ ಮುಂಚೆ ಅದನ್ನು ನಡೆಸುವವರನ್ನು ಒಂದೇ ಮಾತು ಕೇಳಿ: ಪ್ರತಿಯೊಬ್ಬರನ್ನೂ ದಿನಾ ನಿಲ್ಲಿಸಿ ಮಾತಾಡಿಸುತ್ತೀರಾ? ಇಲ್ಲ ಎಂದರೆ ಆ ದುಡ್ಡು ಬಸ್ ಚಾರ್ಜಿಗಿರಲಿ.

ಸಂದರ್ಶನದ ದಿನ ಅರ್ಧ ಗಂಟೆ ಮೊದಲೇ ತಲುಪಿ. ಎದೆ ಹೊಡೆದುಕೊಂಡರೆ ನೀವು ನಾಲಾಯಕ್ಕು ಎಂದು ಅರ್ಥವಲ್ಲ. ನಿಧಾನಕ್ಕೆ ಉಸಿರು ಬಿಟ್ಟು ಮಾತು ಶುರು ಮಾಡಿ.

ಆಯ್ಕೆ ಆಗಲಿಲ್ಲವೇ? ಉತ್ತರ ಬಾರದ ಪ್ರಶ್ನೆಗಳನ್ನು ಅವತ್ತು ಸಂಜೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮಲಗುವ ಮುನ್ನ ಇನ್ನೊಂದು ಅರ್ಜಿ ಕಳಿಸಿ.