ಅಂಬಾಸಿಡರ್‌ನ ರೇಡಿಯೇಟರ್ ನೀರು ಎಲ್ಲಿ ಹೋಗುತ್ತಿದೆ? ಸೋರಿಕೆ ಹುಡುಕಿ ಸರಿಪಡಿಸುವ ಕ್ರಮ

1489 ಸಿ.ಸಿ.ಯ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಇರುವ ಅಂಬಾಸಿಡರ್‌ಗೆ ಆಗಾಗ ನೀರು ತುಂಬುವುದು ಮಾಮೂಲಿ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನಿಲ್ಲ. ವ್ಯವಸ್ಥೆ ಸರಿಯಿದ್ದರೆ ತಿಂಗಳುಗಟ್ಟಲೆ ಮಟ್ಟ ಕದಲುವುದಿಲ್ಲ. ನೀರು ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ದಾರಿ ಮಾಡಿಕೊಂಡಿದೆ. ಆ ದಾರಿ ಸಿಗುವ ಮುನ್ನ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ.

ಮೊದಲು ಒಂದು ಸುಳ್ಳು ಸೋರಿಕೆಯನ್ನು ಪಕ್ಕಕ್ಕಿಡೋಣ. ಹಳೆ ಅಂಬಾಸಿಡರ್‌ನಲ್ಲಿ ಓವರ್‌ಫ್ಲೋ ಡಬ್ಬಿ ಇಲ್ಲ. ಕಂಠಮಟ್ಟ ತುಂಬಿದರೆ ನೀರು ಬಿಸಿಯಾಗಿ ಹಿಗ್ಗಿ, ಹೆಚ್ಚಾದದ್ದು ಓವರ್‌ಫ್ಲೋ ಪೈಪ್‌ನಿಂದ ರಸ್ತೆಗೆ ಹೋಗುತ್ತದೆ. ತಣ್ಣಗಿದ್ದಾಗ ಕುತ್ತಿಗೆಯಿಂದ ಸುಮಾರು 25 ಮಿ.ಮೀ. ಕೆಳಗೆ ನಿಲ್ಲಿಸಿ, ಒಂದು ವಾರ ಓಡಿಸಿ ನೋಡಿ. ಮಟ್ಟ ಅಲ್ಲೇ ನಿಂತರೆ ಕೆಲಸ ಮುಗಿಯಿತು.

ನಿಲ್ಲದಿದ್ದರೆ ಮುಚ್ಚಳ ನೋಡಿ. ಎಂಜಿನ್ ಬಿಸಿಯಿದ್ದಾಗ ಅದನ್ನು ಮುಟ್ಟಲೇಬೇಡಿ, ಉಗಿ ಮುಖಕ್ಕೆ ಚಿಮ್ಮುತ್ತದೆ. 7 ಪಿ.ಎಸ್.ಐ. (ಸುಮಾರು 0.5 ಬಾರ್) ಒತ್ತಡದ ಮುಚ್ಚಳ ನೀರಿನ ಕುದಿಬಿಂದುವನ್ನು ಸುಮಾರು 11 ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಇಲ್ಲಿ ಆ ಒತ್ತಡದ ಬೆಲೆ ಇನ್ನೂ ಹೆಚ್ಚು. ರಬ್ಬರ್ ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಹೊಸದು ಹಾಕಿ. ಆದರೆ ಮೂಲ ಮುಚ್ಚಳದ ಮೇಲೆ ಅಚ್ಚಾದ ಅಂಕಿಯದೇ ಇರಲಿ. ಇಂದಿನ ಕಾರುಗಳ 0.9 ಅಥವಾ 1.1 ಬಾರ್ ಮುಚ್ಚಳ ಹಾಕಿದರೆ ಹಿತ್ತಾಳೆ ರೇಡಿಯೇಟರ್‌ನ ಬೆಸುಗೆ ಬಿಡುತ್ತದೆ.

ಈಗ ನಿಜವಾದ ಹುಡುಕಾಟ. ಎಂಜಿನ್ ತೊಳೆದು ಒಣಗಿಸಿ. ತಣ್ಣಗಿರುವಾಗಲೇ ರೇಡಿಯೇಟರ್ ಬಾಯಿಗೆ ಪ್ರೆಷರ್ ಟೆಸ್ಟರ್ (ಒತ್ತಡ ತೋರಿಸುವ ಮುಳ್ಳಿರುವ ಕೈಪಂಪು) ಕೂರಿಸಿ, ಮುಚ್ಚಳದ ಅಂಕಿಯಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ನೀರು ಹರಿದು ಬಂದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ, ಹಾಗಾಗಿ ಒದ್ದೆಯಾದ ಅತಿ ಎತ್ತರದ ಜಾಗವೇ ಮುಖ್ಯ. ತುಕ್ಕಿನ ಬಣ್ಣದ ಗೆರೆ, ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ಹಳೆ ಸೋರಿಕೆಯ ಗುರುತು. ಬೆಳಗ್ಗೆ ಮಾತ್ರ ತೊಟ್ಟಿಕ್ಕಿ, ಬಿಸಿಯಾದ ಮೇಲೆ ನಿಂತರೆ ಹೋಸ್ ಕ್ಲಾಂಪ್ ಮೇಲೆ ಅನುಮಾನವಿರಲಿ. ಕ್ಲಾಂಪ್ ಬಿಗಿ ಮಾಡುವ ಮುನ್ನ ಹೋಸ್ ಹಿಸುಕಿ ನೋಡಿ. ಕರಕರ ಎಂದರೆ ಅಥವಾ ಮೆತ್ತಗೆ ಊದಿದ್ದರೆ ಬದಲಿಸಿ. ಹೋಸ್ ಕೂರುವ ಕೊಳವೆಯ ತುಕ್ಕನ್ನೂ ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ.

ವಾಟರ್ ಪಂಪ್ ತಳದ ಸಣ್ಣ ತೂತಿನಿಂದ ನೀರು ಬಂದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್‌ನಿಂದ ಮುಚ್ಚಿದರೆ ನೀರು ಬೇರಿಂಗ್‌ಗೆ ನುಗ್ಗಿ ಪಂಪ್ ಸಿಡಿಯುತ್ತದೆ, ಫ್ಯಾನ್ ರೇಡಿಯೇಟರನ್ನೇ ಕೊರೆಯುತ್ತದೆ. ಪಂಪ್ ಬದಲಿಸಿ. ಬೆಲ್ಟನ್ನು ಉದ್ದದ ಭಾಗದ ನಡುವೆ ಒತ್ತಿದರೆ ಸುಮಾರು 13 ಮಿ.ಮೀ. ಬಗ್ಗುವಷ್ಟು ಬಿಗಿ ಸಾಕು. ಅತಿ ಬಿಗಿ ಬೆಲ್ಟ್ ಹೊಸ ಪಂಪನ್ನೂ ತಿನ್ನುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ಮೇಲಿನ ಅಲ್ಯುಮಿನಿಯಂ ಎಲ್ಬೋ, ಅಂದರೆ ಬಾಗಿದ ಕೊಳವೆ, ಒಳಗಿನಿಂದ ಗುಳಿ ಬೀಳುತ್ತದೆ. ಅದರ ಮೂರು ನಟ್ ಬಿಚ್ಚಿದರೂ ಸ್ಟಡ್‌ಗೆ ಕಚ್ಚಿಕೊಂಡೇ ಇರುವುದುಂಟು. ಸುತ್ತಿಗೆಯಿಂದ ಬಡಿದರೆ ಸ್ಟಡ್ ಮುರಿದು ಹೆಡ್‌ನಲ್ಲೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಎಲ್ಬೋವನ್ನು ಬಿಸಿ ಮಾಡಿ ಅತ್ತಿತ್ತ ಅಲುಗಿಸುತ್ತ ಎತ್ತಿ. ಗಾಜಿನ ಹಲಗೆಯ ಮೇಲೆ ಎಮರಿ ಇಟ್ಟು ಮುಖ ಸಮ ಮಾಡಿ, ಹೊಸ ಪೇಪರ್ ಗ್ಯಾಸ್ಕೆಟ್ ಹಾಕಿ. ಥರ್ಮೋಸ್ಟಾಟನ್ನು ಕಿತ್ತೆಸೆಯುವ ಚಾಳಿ ಬೇಡ. ಎಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಖರ್ಚೂ ಸಿಲಿಂಡರ್ ಸವೆತವೂ ಏರುತ್ತವೆ, ಸೋರಿಕೆ ಮಾತ್ರ ಹಾಗೇ ಇರುತ್ತದೆ.

ಬ್ಲಾಕ್ ಪಕ್ಕದಲ್ಲಿ ತುಕ್ಕಿನ ಕಣ್ಣೀರು ಇಳಿದಿದ್ದರೆ ಅದು ಕೋರ್ ಪ್ಲಗ್, ಅಂದರೆ ಬ್ಲಾಕ್‌ನ ತೂತು ಮುಚ್ಚುವ ಲೋಹದ ಬಿಲ್ಲೆ. ಬೋರ್‌ವೆಲ್ ನೀರು ಕುಡಿದ ಎಂಜಿನ್‌ಗಳಲ್ಲಿ ಇದು ಬಹಳ ಸಾಮಾನ್ಯ. ನೀರು ಇಳಿಸಿ, ಪ್ಲಗ್ ನಡುವೆ ತೂತು ಹೊಡೆದು ಮೀಟಿ ತೆಗೆಯಿರಿ. ಒಳಗಿನ ಕೆಸರನ್ನು ತಂತಿಯಿಂದ ಕೆದಕಿ ತೊಳೆಯಿರಿ. ಕೂರುವ ಜಾಗವನ್ನು ಹೊಳೆಯುವಂತೆ ಉಜ್ಜಿ, ವರ್ನಿಯರ್‌ನಿಂದ ಅಳೆದು, ಸಿಕ್ಕರೆ ಹಿತ್ತಾಳೆಯದನ್ನೇ ತನ್ನಿ. ಅಂಚಿಗೆ ತೆಳುವಾಗಿ ಸೀಲೆಂಟ್ ಹಚ್ಚಿ. ಬಟ್ಟಲಿನಾಕಾರದ ಪ್ಲಗ್ಗನ್ನು ಒಳ ಅಂಚಿಗೆ ತಾಗುವ ಸಾಕೆಟ್ ಇಟ್ಟು ನೇರವಾಗಿ ಇಳಿಸಬೇಕು. ಉಬ್ಬಿದ ಬಿಲ್ಲೆಯಾದರೆ ಉಬ್ಬು ಹೊರಗಿರಲಿ, ನಡುವೆ ಒಂದೇಟು ಕೊಟ್ಟು ತುಸು ಚಪ್ಪಟೆ ಮಾಡಿದರೆ ಅಂಚು ಹರಡಿ ಕಚ್ಚುತ್ತದೆ. ಒಂದು ತೂತಾಗಿದ್ದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಹೊರಗೆಲ್ಲೂ ಹನಿಯಿಲ್ಲದೆ ಒತ್ತಡ ಇಳಿದರೆ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಿ. ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಬಿಳಿಯಾಗಿದ್ದರೆ ಆ ಸಿಲಿಂಡರ್‌ಗೆ ನೀರು ಇಳಿಯುತ್ತಿದೆ. ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದಿದ್ದರೆ ಅಲ್ಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ರಾಸಾಯನಿಕ ಪರೀಕ್ಷೆ ಮಾಡಿ. ದ್ರವ ಹಳದಿಗೆ ತಿರುಗಿದರೆ ದಹನದ ಅನಿಲ ನೀರಿಗೆ ಸೇರುತ್ತಿದೆ. ಎಣ್ಣೆ ತುಂಬುವ ಮುಚ್ಚಳದಡಿ ಮಾತ್ರ ಬಿಳಿ ಕೆನೆ ಕಂಡರೆ ಗಾಬರಿ ಬೇಡ, ಸಣ್ಣ ಓಡಾಟದ ಗಾಡಿಯಲ್ಲಿ ಅದು ಬರೀ ತೇವ. ಡಿಪ್‌ಸ್ಟಿಕ್‌ನಲ್ಲೂ ಕಂಡರೆ ಗಾಡಿ ಓಡಿಸಬೇಡಿ.

ಇಲ್ಲಿ ಬಿ-ಸೀರೀಸ್‌ನದೇ ಒಂದು ಗುಟ್ಟಿದೆ. ರಾಕರ್ ಶಾಫ್ಟ್ (ವಾಲ್ವ್‌ಗಳನ್ನು ಒತ್ತುವ ತೋಳುಗಳ ದಂಡ) ಹಿಡಿದಿರುವ ನಟ್‌ಗಳಲ್ಲಿ ಕೆಲವು ಹೆಡ್ ನಟ್‌ಗಳೇ. ರಾಕರ್ ತೆಗೆಯಲೆಂದು ಅವನ್ನಷ್ಟೇ ಸಡಿಲಿಸಿದರೆ ಹೆಡ್ ಸೊಟ್ಟಗಾಗಿ ಸಿಲಿಂಡರ್‌ಗೂ ಸಂಪ್‌ಗೂ (ಎಂಜಿನ್ ತಳದ ಎಣ್ಣೆ ತೊಟ್ಟಿ) ನೀರು ಇಳಿಯಬಹುದು. ಮೊದಲು ನೀರು ಪೂರ್ತಿ ಇಳಿಸಿ, ಎಲ್ಲ ಹೆಡ್ ನಟ್‌ಗಳನ್ನೂ ಸ್ವಲ್ಪಸ್ವಲ್ಪವೇ ಬಿಡಿ. ತೆಗೆದ ಹೆಡ್‌ನ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.1 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಆ ಮುಖವನ್ನು ಹೆರೆಸಿ ಸಮ ಮಾಡಿಸಬೇಕು. ಕೂರಿಸುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ ಟ್ಯಾಪೆಟ್ (ವಾಲ್ವ್‌ಗೂ ರಾಕರ್‌ಗೂ ನಡುವಿನ ಸಂದು) ಹೊಂದಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎರಡನ್ನೂ ಮತ್ತೆ ನೋಡಿ.

ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯುವ ಹಳೆ ಉಪಾಯ ಘಾಟಿಯ ನಡುವೆ ಸಿಕ್ಕಿಕೊಂಡಾಗ ಊರು ಮುಟ್ಟಿಸೀತು. ಆಮೇಲೆ ಅದೇ ಪುಡಿ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ, ಹಾಗಾಗಿ ಮನೆಗೆ ಬಂದ ಕೂಡಲೇ ಪೂರ್ತಿ ಫ್ಲಶ್ ಮಾಡಿ.

ತುಂಬುವಾಗ ಡಿಸ್ಟಿಲ್ಡ್ ವಾಟರ್‌ಗೆ ಮೂರನೇ ಒಂದು ಪಾಲು ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಬೇಕಿರುವುದು ತುಕ್ಕು ತಡೆಯುವ ಗುಣ. ಬಣ್ಣ ನಂಬದೆ, ತಾಮ್ರ-ಹಿತ್ತಾಳೆ ರೇಡಿಯೇಟರ್‌ಗೆ ಸರಿ ಎಂದು ಲೇಬಲ್ ಮೇಲಿದೆಯೇ ಓದಿ. ಮುಚ್ಚಳ ತೆರೆದಿಟ್ಟು, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿದರೆ ಗಾಳಿ ಹೊರಬರುತ್ತದೆ. ಮಟ್ಟ ಇಳಿದಷ್ಟು ತುಂಬಿ ಮುಚ್ಚಳ ಹಾಕಿ. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಮತ್ತೊಮ್ಮೆ ಮಟ್ಟ ನೋಡಿ.